ಹದಿಮೂರು ದಿನಗಳ ರಜೆ

2004ರ ಏಪ್ರಿಲ್. ಬಿ.ಎ. ಕೊನೆಯ ವರ್ಷದ ಪರೀಕ್ಷೆ. ನನ್ನ ಮಗಳು ಹುಟ್ಟಿ ಆಗ ಇಪ್ಪತ್ತೊಂಬತ್ತು ದಿನ. ಚಿಲ್ಲಾ ಮುಗಿಯಲು ಇನ್ನೂ ಹನ್ನೊಂದು ದಿನ ಬಾಕಿ ಇತ್ತು. "ಚಿಲ್ಲೆ ಮೇಂ ದೆಹಲೀಜ್ ನಕ್ಕೋ ಲಾಂಗ್ ಬೇಟಿ" ಎಂದು ದಾದಿ ಬಾಗಿಲಿಗೆ ಅಡ್ಡ ಕೂತರು. ನಲವತ್ತು ದಿನ ಬಾಣಂತಿ ಹೊಸಿಲು ದಾಟಬಾರದು, ಗಾಳಿ ಹಿಡಿಯುತ್ತದೆ, ಕೂಸಿಗೆ ನಜರ್ ಆಗುತ್ತದೆ ಎಂಬುದು ಅವರ ನಂಬಿಕೆ. ಕೊನೆಗೆ ಅಮ್ಮಿ ಒಂದು ದಾರಿ ಹುಡುಕಿದರು. ನನ್ನ ತಲೆಗೆ, ಕಿವಿಗೆ ಉಣ್ಣೆಯ ಮಫ್ಲರ್ ಸುತ್ತಿ, ಅದರ ಮೇಲೆ ಬುರ್ಖಾ ತೊಡಿಸಿ, ಕೂಸನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದರು. ಏಪ್ರಿಲ್ ತಿಂಗಳ ಭದ್ರಾವತಿಯ ಬಿಸಿಲಿನಲ್ಲಿ ಮಫ್ಲರ್! ಅದನ್ನು ನೆನೆದರೆ ಈಗಲೂ ಕುತ್ತಿಗೆ ಬೆವರುತ್ತದೆ.

ಮೂರು ಗಂಟೆಯ ಪರೀಕ್ಷೆ. ಅಮ್ಮಿ ಕಾಲೇಜಿನ ಹೊರಗೆ ಹೊಂಗೆ ಮರದ ಕೆಳಗೆ ಕೂಸಿನೊಂದಿಗೆ ಕೂತಿದ್ದರು. ಎರಡನೆಯ ಗಂಟೆಗೆ ಕೂಸು ಅಳುವ ಸದ್ದು ಕಿಟಕಿಯಿಂದ ಕೇಳಿಸಿತು. ಅದು ನನ್ನದೇ ಕೂಸು ಎಂದು ಕಿವಿಗಿಂತ ಮೊದಲು ಮೈಗೆ ತಿಳಿಯಿತು, ಕುಪ್ಪಸ ಒದ್ದೆಯಾಯಿತು. ಹತ್ತು ನಿಮಿಷ ಹೊರಗೆ ಹೋಗಿ ಬರುತ್ತೇನೆ ಎಂದು ಕೇಳಿದೆ. ಮೇಲ್ವಿಚಾರಕರು ಕೆಟ್ಟವರೇನಲ್ಲ, ನಿಯಮದ ಮನುಷ್ಯ. "ಮಗು ಬೇಕಿತ್ತಾ, ಡಿಗ್ರಿ ಬೇಕಿತ್ತಾ, ಮೊದಲೇ ಒಂದು ತೀರ್ಮಾನ ಮಾಡ್ಕೋಬೇಕಿತ್ತಮ್ಮ" ಎಂದರು. ಕೂತು ಬರೆದೆ. ಆ ಪತ್ರಿಕೆ ಇತಿಹಾಸದ್ದು. ಹತ್ತೊಂಬತ್ತನೆಯ ಶತಮಾನದ ಸಮಾಜ ಸುಧಾರಣೆಯ ಮೇಲೆ ಹತ್ತು ಅಂಕದ ಪ್ರಶ್ನೆ ಇತ್ತು. ರಾಜಾರಾಮ ಮೋಹನರಾಯ್, ಈಶ್ವರಚಂದ್ರ ವಿದ್ಯಾಸಾಗರ್, ಸರ್ ಸೈಯದ್ ಎಲ್ಲರನ್ನೂ ಬರೆದೆ. ಆ ಸುಧಾರಣೆಯ ಕಾಲದಲ್ಲಿ ಕೂಸನ್ನು ಕಟ್ಟಿಕೊಂಡೇ ಓದಿದ ಹೆಂಗಸರು ಇದ್ದರೆಂಬುದು ನಮ್ಮ ಪಠ್ಯದಲ್ಲಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅವರ ಬಗ್ಗೆ ಓದತೊಡಗಿದ್ದು ಎಷ್ಟೋ ವರ್ಷಗಳ ನಂತರ. ಓದಿದಾಗಲೆಲ್ಲ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಇವರು ಓದುತ್ತಿದ್ದಾಗ ಕೂಸನ್ನು ಯಾರು ಎತ್ತಿಕೊಂಡಿದ್ದರು? ಚರಿತ್ರೆಕಾರರು ಕೇಳುವ ಪ್ರಶ್ನೆ ಇದಲ್ಲದಿರಬಹುದು. ಕತೆ ಬರೆಯುವವರಿಗೆ ಇಂಥ ಚಾಳಿ ಇರುತ್ತದೆ.

1888ರ ಫೆಬ್ರವರಿಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನಿಂದ ತಮ್ಮ ಪರಿಚಿತರೊಬ್ಬರಿಗೆ ಒಂದು ಪತ್ರ ಬರೆದರು. ದಾದಿಯರ ವೃತ್ತಿಗೆ ಮರ್ಯಾದೆ ತಂದುಕೊಟ್ಟ ಅದೇ ನೈಟಿಂಗೇಲ್. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿರುವ ಮಿಸೆಸ್ ಗಂಗೂಲಿ ಎಂಬ ಯುವತಿಯ ಬಗ್ಗೆ ಆ ಪತ್ರದಲ್ಲಿ ವಿಚಾರಿಸಿದ್ದರು. ಹೆಂಗಸರ ಆಸ್ಪತ್ರೆಯ ಕೆಲಸಕ್ಕೆ ಆಕೆ ಯೋಗ್ಯಳೇ ಎಂಬುದು ಅವರಿಗೆ ತಿಳಿಯಬೇಕಿತ್ತು. ವೈದ್ಯಳಾಗಬೇಕೆಂದು ನಿಶ್ಚಯಿಸಿದ ಮೇಲೆ ಈಕೆಗೆ ಒಂದೋ ಎರಡೋ ಮಕ್ಕಳಾಗಿವೆ, ಹೆರಿಗೆಗೆಂದು ಕಾಲೇಜು ತಪ್ಪಿಸಿದ್ದು ಬರೀ ಹದಿಮೂರು ದಿನ, ಒಂದೇ ಒಂದು ಉಪನ್ಯಾಸವನ್ನೂ ಬಿಟ್ಟಂತಿಲ್ಲ ಎಂದು ಅವರು ಮೆಚ್ಚಿ ಬರೆಯುತ್ತಾರೆ.

ಹದಿಮೂರು ದಿನ! ನಮ್ಮ ದಾದಿ ಕೇಳಿದ್ದರೆ "ಯಾ ಅಲ್ಲಾ" ಎಂದು ಎದೆಗೆ ಕೈ ಇಟ್ಟುಕೊಳ್ಳುತ್ತಿದ್ದರು.

ಆ ಮಿಸೆಸ್ ಗಂಗೂಲಿಯೇ ಕಾದಂಬಿನಿ. ಹುಟ್ಟಿದ್ದು 1861ರಲ್ಲಿ, ಬಿಹಾರದ ಭಾಗಲ್ಪುರದಲ್ಲಿ. ತಂದೆ ಬ್ರಜಕಿಶೋರ ಬಸು ಅಲ್ಲಿಯ ಶಾಲೆಯ ಮುಖ್ಯೋಪಾಧ್ಯಾಯರು, ಬ್ರಹ್ಮಸಮಾಜದವರು. 1878ರಲ್ಲಿ ಕಾದಂಬಿನಿ ಕಲ್ಕತ್ತೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಪಾಸು ಮಾಡಿದರು. 1883ರಲ್ಲಿ ಚಂದ್ರಮುಖಿ ಬಸು ಜೊತೆಯಲ್ಲಿ ಬಿ.ಎ. ಪದವಿ ಪಡೆದರು. ಆ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಇಬ್ಬರು ಹೆಂಗಸರು ಇವರೇ. ಅದೇ ವರ್ಷದ ಜೂನ್ ತಿಂಗಳಲ್ಲಿ ತಮ್ಮ ಗುರುಗಳಾಗಿದ್ದ ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾದರು. ದ್ವಾರಕಾನಾಥರು ವಿಧುರ, ವಯಸ್ಸಿನಲ್ಲಿ ಬಹಳ ದೊಡ್ಡವರು. ಮದುವೆಗೆ ಅವರ ಬ್ರಹ್ಮಸಮಾಜದ ಗೆಳೆಯರಲ್ಲೇ ಅನೇಕರು ಮುಖ ತಿರುಗಿಸಿದರು. ಮದುವೆಯ ಬೆನ್ನಿಗೇ ಕಾದಂಬಿನಿ ಕಲ್ಕತ್ತೆ ಮೆಡಿಕಲ್ ಕಾಲೇಜಿಗೆ ಸೇರಿದರು.

ಸೇರಿದರು ಎಂದು ಒಂದು ಪದದಲ್ಲಿ ಹೇಳಿಬಿಟ್ಟೆ. ಅದು ಸುಲಭವಾಗಿರಲಿಲ್ಲ. 1835ರಲ್ಲಿ ಶುರುವಾದ ಆ ಕಾಲೇಜು ಸುಮಾರು ಐವತ್ತು ವರ್ಷ ಹೆಂಗಸರಿಗೆ ಬಾಗಿಲು ತೆರೆದಿರಲಿಲ್ಲ. ಮದ್ರಾಸಿನ ಮೆಡಿಕಲ್ ಕಾಲೇಜು 1875ರಲ್ಲೇ ತೆರೆದಿತ್ತು. ಅಲ್ಲಿ ಸೇರಿದ ಮೊದಲ ನಾಲ್ವರಲ್ಲಿ ಒಬ್ಬರಾದ ಮೇರಿ ಶಾರ್ಲೀಬ್ ಕೂಡ ಗೃಹಿಣಿಯೇ, ಬ್ಯಾರಿಸ್ಟರರ ಹೆಂಡತಿ, ಮಕ್ಕಳ ತಾಯಿ. ಕಲ್ಕತ್ತೆಯಲ್ಲಿ ಪ್ರವೇಶ ಸಿಗದೆ ಅಬಲಾ ದಾಸ್ 1882ರಲ್ಲಿ ಮದ್ರಾಸಿಗೆ ಹೋಗಬೇಕಾಯಿತು. ಮುಂದೆ ವಿಜ್ಞಾನಿ ಜಗದೀಶಚಂದ್ರ ಬೋಸರ ಪತ್ನಿಯಾದ ಅಬಲಾ ಬೋಸ್ ಇವರೇ. ಕಲ್ಕತ್ತೆಯ ಬಾಗಿಲು ತೆರೆಯಲು ದ್ವಾರಕಾನಾಥರು ಪತ್ರಿಕೆಯಲ್ಲಿ ಬರೆದು, ಸರಕಾರದ ಬೆನ್ನು ಹತ್ತಿ ಹೋರಾಡಿದ್ದರು.

ಆ ಕಾಲದ ವಿದ್ಯಾರ್ಥಿನಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಎರಡು ಜಡೆಯ ಹುಡುಗಿ. ಅದು ಸರಿಯಲ್ಲ. ಮದುವೆ ಎಂಟು ಹತ್ತರ ವಯಸ್ಸಿಗೆ ಆಗಿಹೋಗುತ್ತಿದ್ದ ಕಾಲ. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ತಂದ ಬಾಲ್ಯವಿವಾಹ ತಡೆ ಕಾನೂನು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಎಂದರೆ, ಕಾನೂನಿಲ್ಲದ ಕಡೆಗಳಲ್ಲಿ ಏನಿತ್ತೆಂದು ಊಹಿಸಿಕೊಳ್ಳಬಹುದು. ಹುಡುಗಿಯರಿಗಾಗಿ ಶಾಲೆ ತೆರೆದರೆ ಅವರು ಮೈನೆರೆಯುವ ಹೊತ್ತಿಗೆ ಬೆಂಚು ಖಾಲಿ. ಇನ್ನು ಕಾಲೇಜಿಗೆ ಬರುವವರು ಯಾರು? ಒಂದೋ ಬ್ರಹ್ಮಸಮಾಜದವರು ಮತ್ತು ಕ್ರೈಸ್ತರಂತೆ ಮದುವೆಯನ್ನು ತಡಮಾಡುವವರ ಮನೆಯ ಹೆಣ್ಣುಮಕ್ಕಳು, ಒಂದೋ ವಿಧವೆಯರು, ಇಲ್ಲವೇ ಗಂಡನೇ ಕೈಹಿಡಿದು ಕರೆತಂದ ಹೆಂಡತಿಯರು. ಈ ಮೂರನೆಯ ಗುಂಪಿನವರ ಜೊತೆಗೆ ಕೂಸು ಇದ್ದೇ ಇರುತ್ತಿತ್ತು, ಹೊಟ್ಟೆಯಲ್ಲೋ ತೊಟ್ಟಿಲಲ್ಲೋ. ಹೀಗಾಗಿ ತಾಯಿಯಾದ ವಿದ್ಯಾರ್ಥಿನಿ ಎಂಬುದು ಇವತ್ತಿನ ಹೊಸ ಸಮಸ್ಯೆಯಲ್ಲ. ಈ ದೇಶದಲ್ಲಿ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಜೊತೆಯಲ್ಲೇ ಹುಟ್ಟಿದ್ದು ಅದು.

ಕಾದಂಬಿನಿಯ ಮನೆ ಕಲ್ಕತ್ತೆಯ ಕಾರ್ನ್‌ವಾಲಿಸ್ ಬೀದಿಯ 13ನೇ ನಂಬರಿನ ದೊಡ್ಡ ಕಟ್ಟಡ. ದ್ವಾರಕಾನಾಥರ ಮೊದಲ ಹೆಂಡತಿಯ ಮಗಳು ಬಿಧುಮುಖಿ ಮಲತಾಯಿಗಿಂತ ಕೆಲವೇ ವರ್ಷ ಚಿಕ್ಕವಳು. 1885ರಲ್ಲಿ ಆಕೆಯ ಮದುವೆ ಉಪೇಂದ್ರಕಿಶೋರ ರಾಯ್ ಜೊತೆ ಆಯಿತು. ಮಕ್ಕಳ ಸಾಹಿತಿ, ಮುದ್ರಣ ತಂತ್ರಜ್ಞ ಉಪೇಂದ್ರಕಿಶೋರ. ಈ ದಂಪತಿಗಳು ಇದ್ದದ್ದೂ ಅದೇ ಕಟ್ಟಡದಲ್ಲಿ. 1886ರಲ್ಲಿ ಬಿಧುಮುಖಿಗೆ ಸುಖಲತಾ ಹುಟ್ಟಿದಳು, 1887ರಲ್ಲಿ ಸುಕುಮಾರ. ಸುಕುಮಾರ ರಾಯ್ ಎಂದರೆ ಸತ್ಯಜಿತ್ ರಾಯ್ ಅವರ ತಂದೆ. ಅದೇ 1886ರಲ್ಲಿ ಕಾದಂಬಿನಿ ವೈದ್ಯಕೀಯ ಪದವೀಧರೆಯಾದರು. ಎಂ.ಬಿ.ಯ ಕೊನೆಯ ಪರೀಕ್ಷೆಯ ಒಂದು ವಿಷಯದಲ್ಲಿ ಅವರನ್ನು ನಪಾಸು ಮಾಡಲಾಗಿತ್ತು. ಹೆಂಗಸರ ಓದಿಗೆ ವಿರೋಧವಿದ್ದ ಅಧ್ಯಾಪಕರೊಬ್ಬರು ಇದಕ್ಕೆ ಕಾರಣವೆನ್ನುತ್ತಾರೆ. ಕಾಲೇಜು ಜಿ.ಬಿ.ಎಂ.ಸಿ. ಎಂಬ ಪದವಿ ಕೊಟ್ಟು ವೃತ್ತಿ ಮಾಡಲು ಅನುಮತಿ ನೀಡಿತು.

ಆ ಮನೆಯನ್ನು ಕಲ್ಪಿಸಿಕೊಳ್ಳಿ. ಒಂದು ಕೋಣೆಯಲ್ಲಿ ಅಂಗರಚನೆಯ ಪುಸ್ತಕ ತೆರೆದು ಕೂತ ಅತ್ತೆ. ಇನ್ನೊಂದು ಕೋಣೆಯಲ್ಲಿ ಅಳಿಯನ ಚಿತ್ರ, ಸಂಗೀತ. ನಡುವೆ ಇಬ್ಬರ ಮಡಿಲಿನ ಕೂಸುಗಳು. ತಾಯಿ ಒಂದು ಕೋಣೆಯಲ್ಲಿದ್ದರೆ ಕೂಸನ್ನು ಎತ್ತಿಕೊಳ್ಳಲು ಇನ್ನೊಂದು ಕೋಣೆಯಲ್ಲಿ ಯಾರಾದರೂ ಇರುತ್ತಿದ್ದ ಮನೆ ಅದು. ಕೂಡುಕುಟುಂಬ ಹೆಣ್ಣನ್ನು ತುಳಿಯಿತು ಎಂದು ನಾವು ಬರೆಯುತ್ತೇವೆ, ಭಾಷಣ ಮಾಡುತ್ತೇವೆ. ಅದು ಸುಳ್ಳಲ್ಲ. ಆದರೆ ಆ ಹದಿಮೂರು ದಿನಗಳ ಲೆಕ್ಕ ಸರಿಹೋದದ್ದು ಅಂಥ ಮನೆಯಿದ್ದುದರಿಂದ. ನೈಟಿಂಗೇಲ್ ಮೆಚ್ಚಿದ್ದು ಕಾದಂಬಿನಿಯ ಹಟವನ್ನು. ಆ ಹಟದ ಹಿಂದೆ ಕೂಸನ್ನು ಹಿಡಿದು ನಿಂತ ಕೈಗಳಿಗೆ ಪತ್ರದಲ್ಲಿ ಜಾಗವಿಲ್ಲ.

ಆ ಮೆಚ್ಚುಗೆಯ ಬಗ್ಗೆಯೂ ನನಗೆ ಒಂದು ತಕರಾರಿದೆ. ಹದಿಮೂರು ದಿನಕ್ಕೆ ಎದ್ದು ಬಂದಳು ಎಂಬುದನ್ನು ಯೋಗ್ಯತೆಯ ಸರ್ಟಿಫಿಕೇಟು ಮಾಡಿದ ಮೇಲೆ, ನಲವತ್ತು ದಿನ ಮಲಗಿದವಳ ಗತಿ ಏನು? ಹೆತ್ತದ್ದು ಗೊತ್ತೇ ಆಗದ ಹಾಗೆ ಓದಿದವಳೇ ಒಳ್ಳೆಯ ವಿದ್ಯಾರ್ಥಿನಿ ಎಂಬ ಅಳತೆಗೋಲು ಅಲ್ಲಿಂದಲೇ ಶುರುವಾಯಿತೇನೋ. ನಮ್ಮ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಕೈಯಲ್ಲಿದ್ದದ್ದೂ ಅದೇ ಕೋಲು.

1888ರಲ್ಲಿ ಕಾದಂಬಿನಿಗೆ ಲೇಡಿ ಡಫರಿನ್ ಮಹಿಳಾ ಆಸ್ಪತ್ರೆಯಲ್ಲಿ ತಿಂಗಳಿಗೆ 300 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಆ ಕಾಲಕ್ಕೆ ದೊಡ್ಡ ಮೊತ್ತ. 1891ರಲ್ಲಿ 'ಬಂಗಬಾಸಿ' ಎಂಬ ಪತ್ರಿಕೆ ಅವರನ್ನು ನಡತೆಗೆಟ್ಟವಳೆಂದು ಸೂಚಿಸಿ ಬರೆಯಿತು. ರಾತ್ರಿ ಹೊತ್ತು ಹೆರಿಗೆಗೆ ಹೋಗುವ ಹೆಂಗಸು, ಮಕ್ಕಳನ್ನು ಮನೆಯಲ್ಲಿ ಬಿಟ್ಟು ಗಾಡಿಯಲ್ಲಿ ತಿರುಗುವ ಹೆಂಗಸು ಇನ್ನೇನಾಗಿರಲು ಸಾಧ್ಯ! ದಂಪತಿಗಳು ಮೊಕದ್ದಮೆ ಹೂಡಿ ಗೆದ್ದರು. ಸಂಪಾದಕ ಮಹೇಶಚಂದ್ರ ಪಾಲ್‌ಗೆ ಆರು ತಿಂಗಳ ಜೈಲು, 100 ರೂಪಾಯಿ ದಂಡವಾಯಿತು.

ನಿಜವಾದ ಬೆಲೆ ತೆತ್ತದ್ದು ಅದರ ನಂತರ. ಸ್ವದೇಶದ ಪದವಿಗೆ ಬಿಳಿಯ ವೈದ್ಯೆಯರ ಮುಂದೆ ಮರ್ಯಾದೆ ಸಿಗುತ್ತಿರಲಿಲ್ಲ. ಹೀಗಾಗಿ 1893ರಲ್ಲಿ ಕಾದಂಬಿನಿ ಮಕ್ಕಳನ್ನು ಮನೆಯವರ ಕೈಗೊಪ್ಪಿಸಿ ಹಡಗು ಹತ್ತಿದರು. ಕೊನೆಯ ಮಗನಿಗೆ ಆಗಿನ್ನೂ ನಡೆಯುವ, ತೊದಲುವ ವಯಸ್ಸು. ಕೆಲವೇ ತಿಂಗಳುಗಳಲ್ಲಿ ಸ್ಕಾಟ್ಲೆಂಡಿನ ಮೂರು ವೈದ್ಯಕೀಯ ಡಿಪ್ಲೊಮಾಗಳನ್ನು ಪಡೆದು ಹಿಂತಿರುಗಿದರು. ಮನೆಯವರ ನೆನಪಿನಲ್ಲಿ ಉಳಿದುಬಂದ ಸಂಗತಿ ಒಂದಿದೆ. ಮನೆಗೆ ಬಂದ ತಾಯಿ ಕೈಚಾಚಿದಾಗ ಆ ಚಿಕ್ಕವನು ಗುರುತು ಹಿಡಿಯಲಿಲ್ಲ, ಹತ್ತಿರ ಬರಲಿಲ್ಲ.

ಕಾದಂಬಿನಿಯ ಜೀವನದ ಬಗ್ಗೆ ಓದಿದ್ದರಲ್ಲಿ ನನಗೆ ಮರೆಯಲಾಗದ್ದು ಇದು. ಬಿಧುಮುಖಿಯ ಮಗಳು ಪುಣ್ಯಲತಾ ಚಕ್ರವರ್ತಿ ತಮ್ಮ ಬಾಲ್ಯದ ನೆನಪುಗಳಲ್ಲಿ ಈ ಅಜ್ಜಿಯ ಇನ್ನೊಂದು ಚಿತ್ರ ಕೊಟ್ಟಿದ್ದಾರೆ. ರೋಗಿಗಳ ಮನೆಯಿಂದ ಮನೆಗೆ ಕುದುರೆಗಾಡಿಯಲ್ಲಿ ಹೋಗುವಾಗ ಕಾದಂಬಿನಿ ಸುಮ್ಮನೆ ಕೂರುತ್ತಿರಲಿಲ್ಲವಂತೆ, ಕೈಯಲ್ಲಿ ನವಿರಾದ ಲೇಸು ಹೆಣೆಯುತ್ತಿದ್ದರಂತೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ.

ಕಾಲೇಜಿಗೆ ಹೋದವರದ್ದು ಒಂದು ಬಗೆ. ಹೊಸಿಲು ದಾಟದೆಯೇ ಓದಿದವರದ್ದು ಇನ್ನೊಂದು ಬಗೆ. ಬಂಗಾಳದ ರಾಸಸುಂದರಿ ದೇವಿಗೆ ಹನ್ನೆರಡರಲ್ಲಿ ಮದುವೆ, ಮುಂದೆ ಒಟ್ಟು ಹನ್ನೆರಡು ಮಕ್ಕಳು. ಓದಬೇಕೆಂಬ ಆಸೆ ಹುಟ್ಟಿದ್ದು ಇಪ್ಪತ್ತೈದರ ಆಸುಪಾಸಿನಲ್ಲಿ. ಗಂಡನ 'ಚೈತನ್ಯ ಭಾಗವತ'ದ ಒಂದು ಹಾಳೆಯನ್ನೂ ದೊಡ್ಡ ಮಗ ಅಕ್ಷರ ತಿದ್ದಿದ ತಾಳೆಗರಿಯನ್ನೂ ಕದ್ದು ಅಡುಗೆಮನೆಯಲ್ಲಿ ಬಚ್ಚಿಟ್ಟರು. ಸೌಟು ಆಡಿಸುತ್ತ, ಸೆರಗಿನ ಮರೆಯಲ್ಲಿ ಎರಡನ್ನೂ ಹೋಲಿಸಿ ನೋಡಿ ಅಕ್ಷರ ಕಲಿತರು. ಮಗ ಶಾಲೆಗೆ ಹೋಗುತ್ತಿದ್ದ, ಅವನು ಬಿಸಾಡಿದ ಗರಿಯಿಂದ ತಾಯಿ ಓದುತ್ತಿದ್ದಳು. ಅವರ 'ಅಮಾರ್ ಜೀಬನ್' ಬಂಗಾಳಿಯ ಮೊದಲ ಆತ್ಮಕಥೆಗಳಲ್ಲಿ ಒಂದು.

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. 'ಅನಾರ್ಕಲಿ' ನಾಟಕ ಬರೆದ ಇಮ್ತಿಯಾಜ್ ಅಲಿ ತಾಜ್ ಹೆಸರು ಅಲ್ಲಿ ಕೇಳಿದ್ದೆ. ಅವರ ತಾಯಿಯ ಹೆಸರು ಯಾರೂ ಹೇಳಿರಲಿಲ್ಲ. ಆಕೆ ಮುಹಮ್ಮದಿ ಬೇಗಂ, ಹುಟ್ಟಿದ್ದು 1878ರಲ್ಲಿ. ಮದುವೆಯಾದದ್ದು ಲಾಹೋರಿನ ವಿದ್ವಾಂಸ ಸೈಯದ್ ಮುಮ್ತಾಜ್ ಅಲಿಯವರನ್ನು. ಅವರಿಗೂ ಇದು ಎರಡನೆಯ ಮದುವೆ, ಮನೆಯಲ್ಲಿ ಮೊದಲ ಹೆಂಡತಿಯ ಮಕ್ಕಳಿದ್ದರು. ಇಸ್ಲಾಂ ಹೆಣ್ಣಿಗೆ ಕೊಟ್ಟ ಹಕ್ಕುಗಳ ಬಗ್ಗೆ ಪುಸ್ತಕ ಬರೆದವರು ಮುಮ್ತಾಜ್ ಅಲಿ. ಬರೆದದ್ದನ್ನು ಮನೆಯಲ್ಲೇ ಮಾಡಿ ತೋರಿಸಿದರು. ಹೆಂಡತಿಗೆ ತಾವೇ ಅರಬಿ, ಪಾರಸಿ ಕಲಿಸಿದರು, ಇಂಗ್ಲಿಷ್ ಕಲಿಸಲು ಬೇರೆಯವರನ್ನು ಕರೆಸಿದರು. ಹೆಂಡತಿ ಶಾಲೆಗೆ ಹೋಗಲಾಗದಿದ್ದರೆ ಶಾಲೆಯೇ ಮನೆಗೆ ಬರಲಿ. 1898ರ ಜುಲೈಯಲ್ಲಿ ಇಬ್ಬರೂ ಸೇರಿ 'ತೆಹಜೀಬ್-ಎ-ನಿಸ್ವಾಂ' ಎಂಬ ಹೆಂಗಸರ ವಾರಪತ್ರಿಕೆ ಶುರುಮಾಡಿದರು. ಸಂಪಾದಕಿ ಮುಹಮ್ಮದಿ ಬೇಗಂ, ಆಗ ವಯಸ್ಸು ಇಪ್ಪತ್ತು. 1900ರಲ್ಲಿ ಇಮ್ತಿಯಾಜ್ ಹುಟ್ಟಿದರು. ತೊಟ್ಟಿಲೂ ಪ್ರೂಫಿನ ಹಾಳೆಗಳೂ ಒಂದೇ ಮನೆಯಲ್ಲಿ. 1908ರಲ್ಲಿ, ಮೂವತ್ತರ ವಯಸ್ಸಿಗೆ, ಆಕೆ ತೀರಿಕೊಂಡರು. ಪತ್ರಿಕೆ ಮಾತ್ರ ದಶಕಗಳ ಕಾಲ ನಡೆಯಿತು.

ಆ ಪತ್ರಿಕೆಯಲ್ಲೇ ಬೀಬಿ ಅಶ್ರಫ್ ಎಂಬ ಹಿರಿಯ ಶಿಕ್ಷಕಿ ತಾವು ಅಕ್ಷರ ಕಲಿತ ಕತೆ ಬರೆದರು. ಹುಡುಗಿಯಾಗಿದ್ದಾಗ ಬರೆಯುವುದು ನಿಷಿದ್ಧ. ಓದಬಹುದು, ಬರೆಯಬಾರದು, ಬರೆಯಲು ಬಂದರೆ ಪರಪುರುಷರಿಗೆ ಕಾಗದ ಬರೆದಾಳು ಎಂಬ ಭಯ. ಮಧ್ಯಾಹ್ನ ಮನೆಯವರೆಲ್ಲ ಮಲಗಿದಾಗ ಆಕೆ ತವೆಯ ಮಸಿ ಕೆರೆದು, ಅದನ್ನೇ ಶಾಯಿ ಮಾಡಿ, ಪೊರಕೆ ಕಡ್ಡಿಯನ್ನು ಲೇಖನಿ ಮಾಡಿ ತಿದ್ದಿ ಕಲಿತರು. ಮುಂದೆ ವಿಧವೆಯಾದಾಗ ಲಾಹೋರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿ ಅನ್ನ ದುಡಿದದ್ದು ಆ ತವೆಯ ಮಸಿಯಿಂದಲೇ.

ಇಂಥ ಮನೆಗಳಲ್ಲಿ ಕೂಸಿಗೆ ಹಾಲೂಡಿಸಲು 'ಅನ್ನಾ' ಇರುತ್ತಿದ್ದಳು. ಉರ್ದುವಿನಲ್ಲಿ ಅನ್ನಾ ಎಂದರೆ ಸಂಬಳಕ್ಕೆ ಹಾಲೂಡಿಸುವ ದಾಯಿ. ನಮ್ಮ ಶರೀಅತ್ತಿನಲ್ಲಿ ಇದಕ್ಕೆ ಅನುಮತಿಯಿದೆ, ಕೂಲಿ ನ್ಯಾಯವಾಗಿ ಕೊಡಬೇಕೆಂಬ ಅಪ್ಪಣೆಯೂ ಇದೆ. ಹಾಲು ಕುಡಿದ ಸಂಬಂಧ ರಕ್ತಸಂಬಂಧದಂತೆಯೇ, ಹಾಲಿನ ಅಣ್ಣತಂಗಿ ಮದುವೆಯಾಗುವಂತಿಲ್ಲ. ಧರ್ಮ ಅವಳಿಗೆ ತಾಯಿಯ ಸ್ಥಾನ ಕೊಟ್ಟಿತು, ಆದರೆ ಚರಿತ್ರೆ ಅವಳ ಹೆಸರನ್ನೂ ಬರೆದಿಡಲಿಲ್ಲ. ದೊಡ್ಡ ಮನೆಯ ಕೂಸು ಅನ್ನಾಳ ಎದೆಯಲ್ಲಿದ್ದಾಗ ಅನ್ನಾಳ ಕೂಸು ಎಲ್ಲಿತ್ತು? ಆ ಬಗ್ಗೆ ಒಂದು ಕತೆ ಬರೆಯಲು ಹತ್ತು ವರ್ಷದಿಂದ ಹೆಣಗುತ್ತಿದ್ದೇನೆ, ಆಗಿಲ್ಲ.

ಇನ್ನು ನಮ್ಮ ನೀರಿನ ಕತೆಗೆ ಬರುತ್ತೇನೆ. ನಮ್ಮೂರಿನಲ್ಲಿ ಹರಿಯುವ ಭದ್ರೆ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತುಂಗೆ, ನೇತ್ರಾವತಿಯರದ್ದೂ ಅದೇ ತವರು. ಆ ಕಾಡಿನಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಮನೆ ಕಟ್ಟಿಕೊಂಡಿದ್ದರು. ಮೂಲ ಕಾರ್ಕಳ ಸೀಮೆಯ ಮಾಳದವರು. ಪೇಶ್ವೆಯ ಅರಮನೆಯಲ್ಲಿ ಹೆಂಗಸೊಬ್ಬರು ಸಂಸ್ಕೃತ ಓದುವುದನ್ನು ಎಳೆಯ ವಯಸ್ಸಿನಲ್ಲಿ ಕೇಳಿ, ತಮ್ಮ ಹೆಂಡತಿಗೂ ಕಲಿಸಬೇಕೆಂದುಕೊಂಡವರು. ಮೊದಲ ಹೆಂಡತಿ ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಅವಳಿಗೆ ಕಲಿಸಿದರು. ಜನ ತಕರಾರೆತ್ತಿದರು, ಅವರು ಕಾಡಿಗೆ ಹೋದರು. ಅಲ್ಲಿ 1858ರ ಏಪ್ರಿಲ್‌ನಲ್ಲಿ ಹುಟ್ಟಿದವರೇ ಪಂಡಿತಾ ರಮಾಬಾಯಿ.

ಕೂಸಿಗೆ ಆರು ತಿಂಗಳಾದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ತಮ್ಮನ್ನು ಮಲಗಿಸಿ ಬೆಟ್ಟದಿಂದ ಇಳಿಸಿದರೆಂದು ರಮಾಬಾಯಿ ಬರೆದುಕೊಂಡಿದ್ದಾರೆ. ಮುಂದೆ ಅವರಿಗೆ ಪಾಠ ಹೇಳಿದ್ದು ತಾಯಿ. ಲಕ್ಷ್ಮೀಬಾಯಿಗೆ ಹಗಲೆಲ್ಲ ಮನೆಗೆಲಸ. ಸಿಗುತ್ತಿದ್ದ ಬಿಡುವು ಬೆಳಗಿನ ಜಾವ ಮಾತ್ರ. ನೆಲದ ಮೇಲೆ ಮಲಗಿದ್ದ ಮಗಳನ್ನು ಎತ್ತಿ, ಮುದ್ದಾಡಿ ಎಬ್ಬಿಸಿ, ಹಕ್ಕಿಗಳು ಕೂಗುವ ಹೊತ್ತಿಗೆ ಶ್ಲೋಕ ಹೇಳಿಕೊಡುತ್ತಿದ್ದರು. ಆ ತಾಯಿಯೂ ತಂದೆಯೂ 1874ರ ಬರಗಾಲದಲ್ಲಿ ಹಸಿದು ಸತ್ತರು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಗೆ ಪಂಡಿತಾ ಎಂಬ ಬಿರುದು ಕೊಟ್ಟರು. 1880ರಲ್ಲಿ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರೊಂದಿಗೆ ಜಾತಿ ಮೀರಿದ ಮದುವೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿಯಾದರು. ಕೂಸಿಗೆ ವರ್ಷ ತುಂಬಿರಲಿಲ್ಲ. ಅದನ್ನು ಎತ್ತಿಕೊಂಡು ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜ ಕಟ್ಟಿದರು, ಇಂಗ್ಲಿಷ್ ಕಲಿತರು, ಹಂಟರ್ ಆಯೋಗದ ಮುಂದೆ ನಿಂತು ನಮಗೆ ಹೆಣ್ಣು ವೈದ್ಯರು ಬೇಕು, ಹೆಣ್ಣು ಶಿಕ್ಷಕರು ಬೇಕು ಎಂದು ಸಾಕ್ಷಿ ಹೇಳಿದರು. ಪುಸ್ತಕವೊಂದನ್ನು ಬರೆದು, ಅದರ ಹಣದಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ವೈದ್ಯೆಯಾಗಬೇಕೆಂಬ ಕನಸು. ಜೊತೆಗೆ ಒಬ್ಬ ಗೆಳತಿ, ಎರಡು ವರ್ಷದ ಮನೋ.

ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠ ಅವರಿಗೆ ಆಶ್ರಯ ಕೊಟ್ಟಿತು. ಬಂದ ಕೆಲವೇ ತಿಂಗಳಲ್ಲಿ ಗೆಳತಿ ದುರಂತ ಸಾವಿಗೀಡಾದರು. ಅದೇ ಸೆಪ್ಟೆಂಬರಿನಲ್ಲಿ ರಮಾಬಾಯಿ ಮಗಳೊಂದಿಗೆ ಕ್ರೈಸ್ತಧರ್ಮ ಸ್ವೀಕರಿಸಿದರು. ಪುಣೆಯಲ್ಲಿ ಗದ್ದಲವೆದ್ದಿತು. ಕಿವಿ ಮಂದವಾಗುತ್ತ ಬಂದದ್ದರಿಂದ ವೈದ್ಯಕೀಯದ ಬಾಗಿಲು ಮುಚ್ಚಿತು. 1884ರಿಂದ ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿತರು. ಅಲ್ಲೇ ಸಂಸ್ಕೃತ ಕಲಿಸಿದರು. ಕೂಸನ್ನು ಎತ್ತಿಕೊಂಡದ್ದು ಮಠದ ಸಿಸ್ಟರುಗಳು, ಮುಖ್ಯವಾಗಿ ಸಿಸ್ಟರ್ ಜೆರಾಲ್ಡೀನ್. ಅವರನ್ನು ಮನೋ 'ಅಜೀಬಾಯಿ' ಎನ್ನುತ್ತಿದ್ದಳು, ಅಂದರೆ ಅಜ್ಜಿ.

ಎತ್ತಿಕೊಂಡವರಿಗೆ ಕೂಸಿನ ಮೇಲೆ ಒಂದು ಹಕ್ಕು ಬಂದುಬಿಡುತ್ತದೆ. ಇದು ಪ್ರತಿ ಮನೆಯ ಅನುಭವ. ಮಗುವಿಗೆ ಯಾವ ಬೋಧನೆ, ಯಾವ ಬಗೆಯ ನಂಬಿಕೆ, ಯಾರ ಮಾತು ಕೊನೆಯದು ಎಂದು ಮಠಕ್ಕೂ ತಾಯಿಗೂ ಪತ್ರಗಳಲ್ಲಿ ಜಗಳ ನಡೆಯಿತು. ನಾವು ಸಾಕುತ್ತಿದ್ದೇವೆ ಎಂಬುದು ಸಿಸ್ಟರುಗಳ ಧಾಟಿ. ನಿಮ್ಮ ಉಪಕಾರ ಮರೆಯುವುದಿಲ್ಲ, ಆದರೆ ಮಗಳು ನನ್ನವಳು, ಅವಳ ಬುದ್ಧಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಲಾರೆ ಎಂಬುದು ತಾಯಿಯ ಹಟ. ಆ ಪತ್ರಗಳು ಮುದ್ರಣಗೊಂಡಿವೆ. ದೇವತಾಶಾಸ್ತ್ರದ ಚರ್ಚೆ ಎಂದು ವಿದ್ವಾಂಸರು ಅವನ್ನು ಓದುತ್ತಾರೆ. ನನಗೆ ಅದರಲ್ಲಿ ಅತ್ತೆಮನೆಯಲ್ಲಿ ಕೂಸನ್ನು ಬಿಟ್ಟು ಕೆಲಸಕ್ಕೆ ಹೋದ ಪ್ರತಿಯೊಬ್ಬ ಸೊಸೆಯ ದನಿ ಕೇಳಿಸುತ್ತದೆ.

1886ರ ಆರಂಭದಲ್ಲಿ ರಮಾಬಾಯಿ ಮಗಳೊಂದಿಗೆ ಅಮೆರಿಕಕ್ಕೆ ಹೋದರು. ಮಾರ್ಚ್ 11ರಂದು ಫಿಲಡೆಲ್ಫಿಯಾದಲ್ಲಿ ಅವರ ದೂರದ ಬಂಧು ಆನಂದಿಬಾಯಿ ಜೋಶಿಗೆ ವೈದ್ಯಕೀಯ ಪದವಿ ಪ್ರದಾನ. ಆನಂದಿಬಾಯಿ ಹದಿನಾಲ್ಕರಲ್ಲಿ ತಾಯಿಯಾಗಿ, ಹತ್ತು ದಿನದ ಮಗನನ್ನು ಕಳೆದುಕೊಂಡವರು. ಅದಕ್ಕೇ ವೈದ್ಯೆಯಾಗಲು ಹೊರಟವರು. ಅವರು ಬರೆದ ಪ್ರಬಂಧದ ವಿಷಯವೂ ಹಿಂದೂಗಳ ಪ್ರಸೂತಿ ಪದ್ಧತಿ. ಆ ಸಭಾಂಗಣದಲ್ಲಿ ಐದು ತುಂಬುತ್ತಿದ್ದ ಮನೋರಮಾ ಓಡಾಡಿಕೊಂಡಿರುವಾಗ ಆನಂದಿಬಾಯಿಗೆ ತಮ್ಮ ಕೂಸು ನೆನಪಾಗದೆ ಇದ್ದೀತೇ? ಅವರ ಮಗ ಉಳಿದಿದ್ದರೆ ಅವಳಿಗಿಂತ ಎರಡು ಮೂರು ವರ್ಷ ದೊಡ್ಡವನಿರುತ್ತಿದ್ದ. ಮರುವರ್ಷವೇ, 1887ರ ಫೆಬ್ರವರಿಯಲ್ಲಿ, ಆನಂದಿಬಾಯಿ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು.

ಅಮೆರಿಕದಲ್ಲಿ ಊರೂರು ತಿರುಗಿ ಭಾಷಣ ಮಾಡಬೇಕಾಗಿ ಬಂದಾಗ ರಮಾಬಾಯಿ ಮಗಳನ್ನು ವಾಂಟೇಜ್‌ಗೆ ಮರಳಿ ಕಳಿಸಿದರು. ನಡುವೆ ಒಂದು ಸಾಗರ, ಕಾಗದ ತಲುಪಲು ವಾರಗಳು. ವಿಧವೆಯರಿಗೊಂದು ಶಾಲೆ ಕಟ್ಟಲು ಹಣ ಕೂಡಿಸಿದರು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಅದೇ ವರ್ಷದ ಕೊನೆಗೆ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನಕ್ಕೆ ಮೊದಲ ಬಾರಿ ಹೆಂಗಸರು ಪ್ರತಿನಿಧಿಗಳಾಗಿ ಬಂದರು. ಅವರಲ್ಲಿ ರಮಾಬಾಯಿಯೂ ಇದ್ದರು, ಕಾದಂಬಿನಿಯೂ ಇದ್ದರು. ಇಬ್ಬರೂ ಅಕ್ಕಪಕ್ಕ ಕೂತು ಏನು ಮಾತಾಡಿರಬಹುದು? ಮಕ್ಕಳೆಷ್ಟು, ಈಗ ಯಾರ ಹತ್ತಿರ ಇವೆ ಎಂದು ಮೊದಲು ಕೇಳಿರುತ್ತಾರೆ ಎಂದು ನನ್ನ ಬಾಜಿ.

ನಮ್ಮ ಕಾಲಕ್ಕೆ ಬಂದರೆ ಕಾಗದದ ಮೇಲೆ ಕೆಲವು ಬದಲಾವಣೆಗಳಾಗಿವೆ. ಪಿಎಚ್.ಡಿ. ಮಾಡುವ ಹೆಂಗಸರಿಗೆ 240 ದಿನಗಳವರೆಗೆ ರಜೆ ಕೊಡಬಹುದೆಂದು ಯುಜಿಸಿ 2016ರಲ್ಲಿ ನಿಯಮ ಮಾಡಿತು. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿಯ ರಿಯಾಯಿತಿಗೆ ನಿಯಮ ರೂಪಿಸಿ ಎಂದು 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ಕೇರಳ 2023ರಲ್ಲಿ ಹದಿನೆಂಟು ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನಗಳ ರಜೆ ಕೊಟ್ಟಿತು. ಕಾದಂಬಿನಿಯ ಹದಿಮೂರರಿಂದ ಅರವತ್ತಕ್ಕೆ ಬರಲು ನಾವು ತೆಗೆದುಕೊಂಡದ್ದು ಸುಮಾರು 140 ವರ್ಷ.

2018ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ದಾಯ್‌ಕುಂದಿ ಪ್ರಾಂತ್ಯದಿಂದ ಒಂದು ಫೋಟೋ ಲೋಕವೆಲ್ಲ ತಿರುಗಿತು. ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು, ನಿಮ್ಮಲ್ಲಿ ಹಲವರು ನೋಡಿರಬಹುದು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯಲು ಬಂದ ರೈತ ಕುಟುಂಬದ ತಾಯಿ, ಎರಡು ತಿಂಗಳ ಕೂಸು ಅಳತೊಡಗಿದಾಗ ಬೆಂಚಿನಿಂದ ಇಳಿದು ನೆಲಕ್ಕೆ ಕೂತು, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಬರೆಯುತ್ತಿದ್ದಳು. ಹಳ್ಳಿಯಿಂದ ಗುಡ್ಡ ಹತ್ತಿಳಿದು ನಡೆದು, ಆಮೇಲೆ ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದವಳು. ಅವಳ ಫೋಟೋ ತೆಗೆದದ್ದು ಅಲ್ಲಿಯ ಅಧ್ಯಾಪಕರೇ. ಯಾರೂ ಅವಳನ್ನು ಏಳು ಎನ್ನಲಿಲ್ಲ, ಯಾವುದು ಬೇಕಿತ್ತು ಎಂದು ಕೇಳಲಿಲ್ಲ. ಅವಳು ಪಾಸಾದಳು. 2022ರ ಡಿಸೆಂಬರಿನಲ್ಲಿ ತಾಲಿಬಾನ್ ಆಡಳಿತ ಆ ದೇಶದ ವಿಶ್ವವಿದ್ಯಾಲಯಗಳನ್ನು ಹೆಂಗಸರಿಗೆ ಮುಚ್ಚಿತು. ಧರ್ಮದ ಹೆಸರಿನಲ್ಲಿ ಮುಚ್ಚಿತು ಎಂಬುದನ್ನು ಹೇಳದೆ ಹೋದರೆ ಮುಹಮ್ಮದಿ ಬೇಗಂ ಬಗ್ಗೆ ಬರೆಯುವ ಹಕ್ಕು ನನಗಿರುವುದಿಲ್ಲ.

ಮನೋರಮಾ ಏನಾದಳು ಎಂದು ಕೇಳಬಹುದು. ಅವಳು ದೊಡ್ಡವಳಾಗಿ ತಾಯಿಯ ಬಳಿಗೇ ಬಂದಳು, ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಮಾಡಿದಳು, ಶಾರದಾ ಸದನದ ಮುಖ್ಯಸ್ಥೆಯಾದಳು. 1910ರ ದಶಕದಲ್ಲಿ ತಾಯಿ ಮಗಳು ಹೆಣ್ಣುಮಕ್ಕಳಿಗಾಗಿ ಇನ್ನೊಂದು ಶಾಲೆ ತೆರೆದರು. ತೆರೆದದ್ದು ಆಗ ನಿಜಾಮರ ಸೀಮೆಯಲ್ಲಿದ್ದ, ಉರ್ದು ಕನ್ನಡ ಎರಡೂ ಕೇಳಿಬರುವ ನಮ್ಮ ಗುಲ್ಬರ್ಗದಲ್ಲಿ. 1921ರ ಜುಲೈಯಲ್ಲಿ ಮನೋರಮಾ ನಲವತ್ತರ ವಯಸ್ಸಿಗೆ ತೀರಿಕೊಂಡರು. ಒಂಬತ್ತು ತಿಂಗಳು ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ತಾಯಿಯೂ ಹೊರಟುಹೋದರು.